ಮಹಡಿ ಮೇಲಿನ ಢಬ್

ಬಾಡಿಗೆದಾರರ ಗುಟ್ಟು ತಿಳಿಯಲು ಅವರ ಬಾಗಿಲಿಗೆ ಕಿವಿ ಹಚ್ಚಬೇಕಾಗಿಲ್ಲ. ಅವರ ಅಡುಗೆಮನೆಯ ಕೆಳಗಿನ ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡರೆ ಸಾಕು. ಯಾರಿಗೆ ಯಾರ ಮೇಲೆ ಸಿಟ್ಟು, ಯಾವ ಪಾತ್ರೆ ಕೈಜಾರಿ ಬಿತ್ತು, ಯಾವುದನ್ನು ಬೇಕೆಂತಲೇ ಕುಕ್ಕಲಾಯಿತು, ಎಲ್ಲವೂ ಛತ್ತಿನಿಂದ ಇಳಿದು ಬರುತ್ತದೆ. ನಾನು ಹಾಗೆ ಮಲಗುವ ಮನುಷ್ಯ. ಇದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣುವುದಿಲ್ಲ. ಬದುಕಿಡೀ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನಿಗೆ ಮಂದಿಯ ಮಾತು ಕಿವಿಗೆ ಬೀಳದಿದ್ದರೆ ಊಟ ರುಚಿಸುವುದಿಲ್ಲ. ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು, ಈ ನಾಲ್ಕು ಊರುಗಳ ನಡುವೆ ನಾನು ಗೋಳು ಹೊಯ್ದುಕೊಳ್ಳದ ಪ್ರಯಾಣಿಕರು ಕಡಿಮೆ. ಗಡದ್ದಾಗಿ ನಿದ್ದೆ ಹೊಡೆಯುವವನ ಭುಜ ತಟ್ಟಿ, "ನಿಮ್ಮೂರು ಹಿಂದ ಹೋತಲ್ರೀ!" ಅನ್ನುವುದು, ಆತ ಗಂಟು ಹಿಡಿದು ಬಾಗಿಲಿಗೆ ಓಡಿದ ಮೇಲೆ, "ಇನ್ನೂ ಬಂದಿಲ್ಲ, ಕುಂದರ್ರಿ" ಅನ್ನುವುದು. ಬೈದವರೆಷ್ಟೋ ಮಂದಿ. ಆದರೆ ಮರುದಿನ ಅದೇ ಬಸ್ಸಿಗೆ ಕಾಯುತ್ತಿದ್ದವರೂ ಅವರೇ.

ಈಗ ಸವಣೂರಿನ ನನ್ನ ಮನೆಯ ಮಹಡಿಯ ಮೇಲೆ ಬಸು ಮತ್ತು ಸ್ನೇಹಾ ಎಂಬ ಹೊಸ ಜೋಡಿ ಇದೆ. ಬಸು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್, ಶಿಗ್ಗಾಂವಿ ಹತ್ತಿರದ ದುಂಡಸಿಯವನು. ಕಂಬದ ತುದಿಯಲ್ಲಿ ನಿಂತು ಸವಣೂರು ವೀಳ್ಯದೆಲೆ ಮೆಲ್ಲುತ್ತ ಫೋನಿನಲ್ಲಿ ಮಾತಾಡುವಷ್ಟು ಗಟ್ಟಿಗ. ಸ್ನೇಹಾ ಹಾನಗಲ್ಲಿನ ಹುಡುಗಿ, ಇಲ್ಲಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ನನ್ನಂಥ ಚರ್ಮ ಸುಕ್ಕಾದವನ ಕೈಯಲ್ಲೂ ಒಂದೇ ಸಲಕ್ಕೆ ನರ ಹುಡುಕಿ ಸೂಜಿ ಇಳಿಸುತ್ತಾಳೆ. ಇಂಥ ಇಬ್ಬರು ಧೈರ್ಯವಂತರು ಬೆಳಗಾದರೆ ನಡುಗುತ್ತಿದ್ದುದು ಒಂದೇ ವಸ್ತುವಿಗೆ: ಜೋಳದ ರೊಟ್ಟಿ.

ಮೊದಮೊದಲು ನನಗೆ ಇದು ಗೊತ್ತಿರಲಿಲ್ಲ. ಬೆಳಿಗ್ಗೆ ಛತ್ತಿನಿಂದ ರೊಟ್ಟಿ ಬಡಿಯುವ ಸಪ್ಪಳ ಇಳಿಯುತ್ತಿತ್ತು. ಎಂಥ ಸಪ್ಪಳ! ಪಟ್ ಪಟ್ ಪಟ್ ಪಟ್ ಎಂದು ಮಳೆಯಂತೆ ಒಂದೇ ಸಮ. ಪ್ರತಿ ರೊಟ್ಟಿಯ ಕೊನೆಗೆ, ಕೊಂಚ ತಡೆದು, ಒಂದು ಢಬ್! ನಮ್ಮ ಭಾಗದಲ್ಲಿ ಹೆಂಗಸಿನ ಕೈಗುಣವನ್ನು ಓಣಿಯವರು ಉಂಡು ಅಳೆಯುವುದಿಲ್ಲ, ಕೇಳಿಯೇ ಅಳೆಯುತ್ತಾರೆ. ಎದುರುಮನೆಯ ಮುಮ್ತಾಜ್‌ಬೀ ಕಟ್ಟೆಗೆ ಬಂದು, "ಏನ್ ಕೈ ಐತ್ರೀ ಹುಡಿಗಿದು! ಆದ್ರ ಆ ಕಡೀಕ ಢಬ್ ಅಂತೈತಲ್ಲ, ಅದೇನದು?" ಎಂದು ಕೇಳಿದಳು. ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿಲ್ಲ. "ಅದು ಹಾನಗಲ್ಲ ಪದ್ಧತಿ. ಢಬ್ ಅಂದ್ರ ರೊಟ್ಟಿ ಉಬ್ಬತಾವು" ಎಂದೆ. ಮರುದಿನದಿಂದ ಮುಮ್ತಾಜ್‌ಬೀ ಮನೆಯಿಂದಲೂ ಢಬ್ ಕೇಳತೊಡಗಿತು. ಉಬ್ಬಿದವಂತೆ ಕೂಡ.

ಒಂದು ದಿನ ನೀರಿನ ಮೋಟಾರು ನೋಡುವ ನೆಪದಲ್ಲಿ ಮೇಲೆ ಹೋದೆ. ಅಡುಗೆಮನೆಯ ಕಿಟಕಿ ಒಂದು ಬೆರಳಿನಷ್ಟು ತೆರೆದಿತ್ತು. ಒಳಗೆ ಲುಂಗಿ ಕಟ್ಟಿಕೊಂಡ ಬಸು ಮೊಳಕೈವರೆಗೂ ಹಿಟ್ಟು ಮೆತ್ತಿಕೊಂಡು ಕಲ್ಲಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ. ಸ್ನೇಹಾ ಸ್ಟೂಲಿನ ಮೇಲೆ ಕೂತು, ಚಹಾ ಗುಟುಕರಿಸುತ್ತ, "ಹೊಳ್ಳಿಸ್ರೀ, ಸುಡಾಕತ್ತೈತಿ" ಎಂದು ಹಂಚಿನ ಕಡೆ ಬೆರಳು ತೋರಿಸುತ್ತಿದ್ದಳು.

ನಾನು ಸದ್ದಿಲ್ಲದೆ ಇಳಿದು ಬಂದೆ. ಇಂಥ ಗುಟ್ಟು ನನ್ನ ಕೈಗೆ ಸಿಕ್ಕರೆ ನಾನದನ್ನು ಒಂದೇ ಸಲಕ್ಕೆ ಖರ್ಚು ಮಾಡುವವನಲ್ಲ. ಆಕೆ ಕೆಲಸಕ್ಕೆ ಹೊರಟಾಗ ಮೆಟ್ಟಿಲ ಬಳಿ ನಿಂತು, "ಏನವಾ ಸ್ನೇಹಾ, ಕೈ ಭಾಳ ನೋಯಾಕತ್ತಾವೇನು?" ಎಂದು ಕೇಳುತ್ತಿದ್ದೆ. ಮೊದಲ ದಿನ ನಕ್ಕಳು. ಎರಡನೆಯ ದಿನ ನನ್ನ ಮುಖ ನೋಡಿದಳು. ಮೂರನೆಯ ದಿನ ಗಂಡ ಹೆಂಡತಿ ಇಬ್ಬರೂ ನಮ್ಮ ಪಡಸಾಲೆಯಲ್ಲಿ ಕೂತಿದ್ದರು.

"ಕಾಕಾ, ನಮ್ಮವ್ವನ ಕಿವಿಗೆ ಬಿದ್ರ ನಮ್ಮ ಸಂಸಾರ ಮುಗೀತು" ಎಂದ ಬಸು.

ಕತೆ ಇಷ್ಟು. ಹೆಣ್ಣು ನೋಡಲು ಹೋದಾಗ ಬಸುವಿನ ತಾಯಿ ನೀಲವ್ವ ಒಂದೇ ಪ್ರಶ್ನೆ ಕೇಳಿದ್ದಳಂತೆ: "ಹುಡಿಗಿಗೆ ರೊಟ್ಟಿ ಬಡಿಯಾಕ ಬರ್ತೈತಿ?" ಹಾನಗಲ್ಲ ಕಡೆ ಭತ್ತದ ಸೀಮೆ, ಅನ್ನ ಉಣ್ಣುವ ಮಂದಿ. ಸ್ನೇಹಾ ಬಾಯಿ ತೆರೆಯುವ ಮೊದಲೇ ಅವಳ ತಾಯಿ, "ಅಯ್ಯ, ಭೇಷ್ ಬಡೀತಾಳ್ರೀ" ಅಂದುಬಿಟ್ಟಳು. ನೀಲವ್ವ ಎಲ್ಲರೆದುರು, "ಹಂಗಾದ್ರ ಕುಂತೆ. ಇಲ್ಲಾಂದ್ರ ಎದ್ದು ಹೊಂಟಿದ್ದೆ" ಎಂದಳಂತೆ.

ಮದುವೆಯಾದ ಮೇಲೆ ಸ್ನೇಹಾ ಪ್ರಯತ್ನ ಮಾಡದೆ ಇರಲಿಲ್ಲ. ಅವಳ ರೊಟ್ಟಿ ಕಲ್ಲು ಬಿಟ್ಟು ಏಳುತ್ತಿರಲಿಲ್ಲ, ಎದ್ದದ್ದು ಹಂಚು ಮುಟ್ಟುತ್ತಿರಲಿಲ್ಲ. ಸವಣೂರಿನ ಖಾನಾವಳಿಯಲ್ಲಿ ಕೊಂಡರೆ ಪರಿಚಯದವರು ನೋಡುತ್ತಾರೆಂದು ಇಬ್ಬರೂ ಸ್ಕೂಟರ್ ಹತ್ತಿ ಬಂಕಾಪುರಕ್ಕೆ ಹೋಗಿ ರೊಟ್ಟಿ ತರುತ್ತಿದ್ದರು. ಒಮ್ಮೆ ಅಲ್ಲಿನ ಕೋಟೆಯ ಹತ್ತಿರ ನೆರಳಿಗೆ ಸ್ಕೂಟರ್ ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಿದ್ದಾಗ ಒಂದು ನವಿಲು ಬಂದು ಚೀಲ ಕುಕ್ಕಿ ರೊಟ್ಟಿಯನ್ನೆಲ್ಲ ಚೂರು ಮಾಡಿತು. ಓಡಿಸಲು ಹೋದರೆ ಅದು ರಾಷ್ಟ್ರಪಕ್ಷಿ, ಕೇಸಾದರೆ ಏನು ಗತಿ ಎಂದು ಬಸು ಕೈಮುಗಿದು ನಿಂತಿದ್ದನಂತೆ. ಆ ದಿನ ಮನೆಗೆ ಬಂದು, "ಇನ್ನ ನಾನ ಬಡೀತೇನಿ ತಗೋ" ಎಂದ. ಸಣ್ಣವನಿದ್ದಾಗ ಅವ್ವನ ಒಲೆ ಪಕ್ಕ ಕೂತು ನೋಡಿ ಕಲಿತದ್ದು ಕೈಗೆ ತಾನಾಗಿಯೇ ಬಂತು.

"ನಿಮ್ಮ ಗುಟ್ಟು ನನ್ನ ಹೊಟ್ಟ್ಯಾಗ" ಎಂದು ನಾನು ಎದೆ ಮುಟ್ಟಿ ಹೇಳಿದೆ. ಮಾತಿಗೆ ತಪ್ಪಲೂ ಇಲ್ಲ. ಆದರೆ ಶಿಗ್ಗಾಂವಿ ಸಂತೆಯಲ್ಲಿ ನೀಲವ್ವ ಎದುರಾದಾಗ ಸುಮ್ಮನೆ ನಮಸ್ಕಾರ ಹೇಳಿ ಬರುವುದಕ್ಕೆ ನನ್ನ ನಾಲಿಗೆ ಒಪ್ಪಲಿಲ್ಲ. "ನಿಮ್ಮ ಸೊಸಿ ರೊಟ್ಟಿ ಬಡಿಯೂದು ಕೇಳ್ಬೇಕ್ರೆವ್ವಾ! ನಮ್ಮ ಓಣಿ ಏಳೂದ ಆ ಸಪ್ಪಳಕ್ಕ!" ಎಂದುಬಿಟ್ಟೆ. ಹುಡುಗಿಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದು. ಮೇಲಿನ ಇಬ್ಬರು ಇದನ್ನು ಕೇಳಿ ಹೇಗೆ ಚಡಪಡಿಸುತ್ತಾರೆಂದು ನೋಡುವ ಆಸೆಯೂ ಒಂದಿಷ್ಟು ಇತ್ತು, ಇಲ್ಲವೆನ್ನಲಾರೆ. ನೀಲವ್ವ ಮೆಣಸಿನಕಾಯಿ ಚೀಲ ಕೆಳಗಿಟ್ಟು, "ಹೌದ? ಹಂಗಾದ್ರ ಐತವಾರ ಬಂದು ಆಕಿ ಕೈರೊಟ್ಟಿ ಉಂಡು ಬರ್ತೇನಿ" ಎಂದಳು.

ಸುದ್ದಿ ಹೇಳಿದಾಗ ಸ್ನೇಹಾ ನಮ್ಮ ಪಡಸಾಲೆಯಲ್ಲೇ ಕುಸಿದು ಕೂತಳು. "ಕಾಕಾ, ನಿಮಗ ಯಾರ್ ಹೇಳಂದಿದ್ರು?" ಎಂದಳು. "ಅವರು ಎಲ್ಲಾರ ಮುಂದ ಎದ್ದು ಹೋದ್ರ ನಮ್ಮವ್ವ ಸುಳ್ಳಿ ಆಗ್ತಾಳ. ಆಮ್ಯಾಲ ನಾ ಯಾವ ಮಾರಿ ಇಟ್ಕೊಂಡು ಅತ್ತಿ ಮುಂದ ನಿಂದರ್ಲಿ?" ಬಸ್ಸಿನಲ್ಲಿ ಹೆದರಿಸಿದವನನ್ನು ಮತ್ತೆ ಕೂರಿಸಬಹುದು, ಇದು ಬಸ್ಸಾಗಿರಲಿಲ್ಲ.

ಉಪಾಯಗಳು ಶುರುವಾದವು. ಬಸು ತನ್ನದೇ ಬಡಿತವನ್ನು ಫೋನಿನಲ್ಲಿ ಮುದ್ರಿಸಿಕೊಂಡು, ದೊಡ್ಡ ಸ್ಪೀಕರಿಗೆ ಜೋಡಿಸಿ, ಬಾಗಿಲು ಮುಚ್ಚಿದ ಅಡುಗೆಮನೆಯಿಂದ ಕೇಳಿಸುವುದೆಂದು ಯೋಚಿಸಿದ. ಪರೀಕ್ಷೆಗೆ ನಾನೇ ಕೆಳಗೆ ಕೂತೆ. ಪಟ್ ಪಟ್ ಚೆನ್ನಾಗಿಯೇ ಸಾಗಿತ್ತು. ನಡುವೆ ಅವನ ಸಾಹೇಬರ ಫೋನ್ ಬಂದು, ಓಣಿಗೆಲ್ಲ ಕೇಳುವಂತೆ, "ಏ ಬಸು, ಎಲ್ಲಿ ಸತ್ತೀಯೋ? ಟ್ರಾನ್ಸ್‌ಫಾರ್ಮರ್ ಸುಟ್ಟೈತಿ!" ಎಂದು ಸ್ಪೀಕರಿನೊಳಗಿನ ರೊಟ್ಟಿ ಒದರಿತು. ಆ ಯೋಜನೆ ಅಲ್ಲಿಗೆ ಬಿತ್ತು. ಕೈಗೆ ಪಟ್ಟಿ ಕಟ್ಟಿಕೊ ಎಂದೆ. "ಪಟ್ಟಿ ಬಿಚ್ಚಿ ನೋಡು ಅಂತಾರವರು" ಎಂದಳು ಸ್ನೇಹಾ. ಕೊನೆಗೆ ನಾನೇ ಹೇಳಿದೆ, "ನೀಲವ್ವನ್ನ ನಾ ಕೆಳಗ ಹಿಡದಿಡ್ತೇನಿ. ಮಾತಿನಾಗ ನನ್ನ ಕೈಯಿಂದ ಬಿಡಿಸ್ಕೊಂಡು ಹೋದಾವ್ರು ಇನ್ನೂ ಹುಟ್ಟಿಲ್ಲ. ಬಸು, ನೀ ಮ್ಯಾಲ ಬಡಿ."

ಭಾನುವಾರ ನೀಲವ್ವ ಶಿಗ್ಗಾಂವಿ ಬಸ್ಸಿನಿಂದ ಇಳಿದಳು. ಗಿಡ್ಡ ದೇಹ, ದೊಡ್ಡ ಕುಂಕುಮ, ಯಾರ ಮಾತನ್ನೂ ನಂಬದ ಕಣ್ಣು. ಬಸು ಅವಳೆದುರೇ ಖಾಕಿ ತೊಟ್ಟು, "ಅವ್ವಾ, ಡ್ಯೂಟಿ ಐತಿ, ಊಟಕ್ಕ ಬರ್ತೇನಿ" ಎಂದು ಸ್ಕೂಟರ್ ಏರಿ ಹೋದ. ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ, ನಮ್ಮ ಹಿಂದಿನ ಓಣಿಯಿಂದ ಬಂದು, ಇಲಾಖೆಯ ನಿಚ್ಚಣಿಕೆ ಹಾಕಿ ತನ್ನದೇ ಅಡುಗೆಮನೆಯ ಹಿಂಬಾಗಿಲಿಗೆ ಹತ್ತಿದ. ಅದೇ ಹೊತ್ತಿಗೆ ಬಟ್ಟೆ ಒಣಹಾಕಲು ಬಂದಿದ್ದ ಮುಮ್ತಾಜ್‌ಬೀ, "ಕರೆಂಟ್ ಹೋಗೈತೇನೋ ಬಸು?" ಎಂದಳಂತೆ. "ಇಲ್ರೀ ಖಾಲಾ, ಹೋಗೂದ್ರಾಗ ಐತಿ" ಎಂದನಂತೆ ಅವನು.

ಇತ್ತ ಸ್ನೇಹಾ, "ಅತ್ತೀ, ಕೆಳಗ ಕಾಕಾರು ಚಾಕ್ಕ ಕರದಾರ" ಎಂದು ನೀಲವ್ವನನ್ನು ನಮ್ಮ ಕಟ್ಟೆಗೆ ಕಳಿಸಿದಳು. "ಸೊಸಿ ಬಡಿಯೂದು ನೋಡಾಕ ಬಂದೇನಿ, ಚಾ ಕುಡಿಯಾಕಲ್ಲ" ಎಂದು ಗೊಣಗುತ್ತಲೇ ಕೂತಳು. ನನ್ನ ಹೆಂಡತಿ ಶಾಂತವ್ವ ಚಹಾ ಕೊಟ್ಟು ಒಳಗೆ ಹೋದಳು. ನಾನು ಮಾತು ಬಿಚ್ಚಿದೆ. ಬಸ್ಸು ಕೆಟ್ಟದ್ದು, ಅಬಲೂರಿನ ಗುಡಿ ಮುಂದೆ ಮದುವೆ ದಿಬ್ಬಣವನ್ನೇ ಇಳಿಸಿ ತಳ್ಳಿಸಿದ್ದು, ಎಲ್ಲ ಹೇಳಿದೆ. ಆದರೂ ಅವಳ ಕಣ್ಣು ಮೆಟ್ಟಿಲ ಮೇಲೇ. ಮಾತು ಖಾಲಿಯಾಗುವ ಭಯಕ್ಕೆ, ಬಾಯಿಗೆ ಬಂದದ್ದು ಹೊರಬಿತ್ತು: "ಹಿರೇಕೆರೂರಿಗೆ ವಸ್ತಿ ಗಾಡಿ ಇದ್ದಾಗ ರಾತ್ರಿ ಅಲ್ಲೇ ಉಳದು ರೊಟ್ಟಿ ಬಡೀತಿದ್ದಾಂವ ನಾನ ನೋಡ್ರೆವ್ವಾ! ಡ್ರೈವರ್‌ಗೋಳೆಲ್ಲಾ ಸಾಲು ಹಚ್ಚಿ ಕುಂದರತಿದ್ರು." ಹಿಟ್ಟಿಗೂ ನನಗೂ ಇರುವ ಸಂಬಂಧ, ಬೇಸಾಯಕ್ಕೂ ವಿಮಾನಕ್ಕೂ ಇರುವಷ್ಟೇ. ಆದರೆ ನೀಲವ್ವ ಮೊದಲ ಸಲ ನನ್ನ ಕಡೆ ತಿರುಗಿ, "ಖರೇ ಅಂತೀರೇನ್ರಿ?" ಎಂದಳು. ಒಳಗೆ ಶಾಂತವ್ವನ ಸೌಟು ನಿಂತದ್ದು ನನಗೆ ಕೇಳಿಸಿತು.

ಅಷ್ಟರಲ್ಲಿ ಮೇಲೆ ಶುರುವಾಯಿತು. ಪಟ್ ಪಟ್ ಪಟ್ ಪಟ್. ನೀಲವ್ವ ಚಹಾದ ಬಸಿಯನ್ನು ಬಾಯಿಯವರೆಗೆ ತಂದು ಅಲ್ಲೇ ನಿಲ್ಲಿಸಿದಳು. ನಾನು ಗೆದ್ದೆ ಎಂದುಕೊಂಡು, "ಕೇಳಿದ್ರೇನ್ರಿ!" ಎಂದೆ. ಆಗ ಕೊಂಚ ತಡೆದು, ಢಬ್!

ಬಸಿ ನಿಧಾನವಾಗಿ ಕಟ್ಟೆಯ ಮೇಲೆ ಇಳಿಯಿತು. ಇನ್ನೊಂದು ರೊಟ್ಟಿಯ ಬಡಿತ ಮುಗಿಯುವವರೆಗೂ ಅವಳು ಮೇಲಿನ ಕಡೆ ಕಿವಿಗೊಟ್ಟು ಕೂತಳು. ಮತ್ತೆ ಢಬ್.

"ಕಂಡಕ್ಟರ ಸಾಹೇಬ್ರ, ಮ್ಯಾಲ ಬೆಕ್ಕು ಸಾಕ್ಯಾರೇನ್ರಿ?"

"ಇಲ್ರೆವ್ವಾ. ಯಾಕ್ರಿ?"

"ಮತ್ತ ಆ ಹುಚ್ಚ ಯಾರನ್ನ ಓಡಸಾಕತ್ತಾನ?"

ಬಸುವಿನ ಗುಟ್ಟು ರಟ್ಟಾಗಿತ್ತು, ಹೇಗೆಂದು ಅವಳೇ ಹೇಳಿದಳು. ದುಂಡಸಿಯ ಮನೆಯಲ್ಲಿ ಒಂದು ಕಳ್ಳ ಬೆಕ್ಕು ಇತ್ತಂತೆ. ನೀಲವ್ವ ರೊಟ್ಟಿ ಬಡಿದು ಹಂಚಿಗೆ ಹಾಕಿ ತಿರುಗುವಷ್ಟರಲ್ಲಿ ಅದು ಬೆಣ್ಣೆ ಗಡಿಗೆಗೆ ಬಾಯಿ ಹಾಕುತ್ತಿತ್ತು. ಅದಕ್ಕೇ ಪ್ರತಿ ರೊಟ್ಟಿ ಮುಗಿದ ಕೂಡಲೇ ಬರಿಗಲ್ಲಿಗೆ ಒಂದೇಟು ಹಾಕಿ ಅದನ್ನು ಹೆದರಿಸುತ್ತಿದ್ದಳು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಗ ಅದನ್ನೂ ರೊಟ್ಟಿ ಮಾಡುವ ಪದ್ಧತಿಯೆಂದೇ ಕಲಿತುಬಿಟ್ಟಿದ್ದ. ಬೆಕ್ಕು ಸತ್ತು ಎಷ್ಟು ಕಾಲವಾಯಿತೋ, ಸವಣೂರಿನ ಮಹಡಿಯ ಮೇಲೆ ಅದನ್ನು ಇನ್ನೂ ಓಡಿಸುತ್ತಿದ್ದ.

ನೀಲವ್ವ ಎದ್ದಳು. ಹೆಣ್ಣು ನೋಡುವಾಗ ಎದ್ದು ಹೋಗುತ್ತಿದ್ದೆ ಎಂದವಳು ಈಗ ಎದ್ದಳು, ನನ್ನಿಂದಲೇ ಎದ್ದಳು ಎಂದುಕೊಂಡು ನಾನೂ ಎದ್ದೆ. "ನೀಲವ್ವಾ, ಹುಡಿಗೀದು ತಪ್ಪಿಲ್ರೀ..." ಎಂದು ತೊದಲಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು.

"ಸುಮ್ಮಿರ್ರೀ" ಎಂದಳು ಮೆಲ್ಲಗೆ. "ನನಗ ತಿಳದೈತಿ ಅಂತ ಗೊತ್ತಾದ್ರ ನಾಚಿಕೊಂಡು ಬಿಟ್ಟಾನು. ಬಡೀಲಿ. ಅವರಪ್ಪ ಒಂದಿನಾನೂ ನನ್ನ ಒಲಿ ಮುಂದ ಕುಂತಾಂವಲ್ಲ. ಇಂವ ಕುಂದರತಾನ. ಆ ಹುಡಿಗಿ ಪುಣ್ಯೇವು ಮಾಡ್ಯಾಳ."

ಮೇಲಿನಿಂದ ಸ್ನೇಹಾ ಬಗ್ಗಿ, "ಅತ್ತೀ, ರೊಟ್ಟಿ ಆದ್ವು!" ಎಂದು ಕೂಗಿದಳು. ಮೂಗಿಗೂ ಹುಬ್ಬಿಗೂ ಹಿಟ್ಟು ಬಳಿದುಕೊಂಡಿದ್ದಳು, ಪಾಪ. ನಾನು ಮೋಟಾರಿನ ನೆಪ ಮಾಡಿಕೊಂಡು ನೀಲವ್ವನ ಹಿಂದೆಯೇ ಮೇಲೆ ಹೋದೆ. ಅಡುಗೆಮನೆಯ ಹಿಂಬಾಗಿಲ ಆಚೆ, ನಿಚ್ಚಣಿಕೆಯ ಮೇಲೆ, ಬಸು ಉಸಿರು ಬಿಗಿಹಿಡಿದು ನಿಂತಿದ್ದಾನೆಂದು ನನಗೆ ಗೊತ್ತಿತ್ತು. ನೀಲವ್ವ ರೊಟ್ಟಿ ಮುರಿದಳು, ಬದನೆಕಾಯಿ ಎಣಗಾಯಿ ಹಚ್ಚಿ ಬಾಯಿಗಿಟ್ಟಳು, ಅಗಿದಳು. ಸ್ನೇಹಾ ಬಿಳಿಚಿಕೊಂಡು ಗೋಡೆ ಹಿಡಿದು ನಿಂತಿದ್ದಳು. "ಛಲೋ ಅದಾವು" ಎಂದಳು ನೀಲವ್ವ. "ನಂದ ಕೈರೊಟ್ಟಿ ಉಂಡಂಗ ಆತು." ಆಮೇಲೆ ಸೊಸೆಯ ಮೂಗಿನ ಹಿಟ್ಟನ್ನು ತನ್ನ ಸೆರಗಿನಿಂದ ಒರೆಸಿ, "ಒಲೀ ಹತ್ತರ ಇಷ್ಟ್ಯಾಕ ಬಗ್ಗತೀ, ಮಾರಿ ಸುಟ್ಟೀತು" ಎಂದಳು. ಸ್ನೇಹಾಳ ಕಣ್ಣು ತುಂಬಿತು. ಹೊರಗೆ ನಿಚ್ಚಣಿಕೆ ಒಮ್ಮೆ ಕಿರ್ ಎಂದಿತು. ನೀಲವ್ವ ಅತ್ತ ತಿರುಗಿ ನೋಡಲೇ ಇಲ್ಲ.

ಇವತ್ತಿಗೂ ಆ ಇಬ್ಬರು ಮಕ್ಕಳು ತಾವೇ ಗೆದ್ದೆವೆಂದುಕೊಂಡಿದ್ದಾರೆ. ನಿಜ ಹೇಳಿ ಅವರ ಮುಖ ನೋಡಬೇಕೆಂದು ನನ್ನ ನಾಲಿಗೆ ದಿನಾ ತುರಿಸುತ್ತದೆ, ಹೇಳುವಂತಿಲ್ಲ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಎಂದುಕೊಂಡಿದ್ದೆ. ಇತ್ತು. ಬಸ್ಸು ಹತ್ತುವ ಮೊದಲು ನೀಲವ್ವ ಶಾಂತವ್ವನ ಕೈಹಿಡಿದು, "ನಿಮ್ಮ ಯಜಮಾನ್ರು ರೊಟ್ಟಿ ಭೇಷ್ ಬಡೀತಾರಂತಲ್ರೀ. ನೀವ್ಯಾಕ ಹೇಳಿಲ್ಲ?" ಎಂದಳು. ಶಾಂತವ್ವ ನನ್ನನ್ನು ನೋಡಿ, "ನನಗೂ ಈಗ ಗೊತ್ತಾತು ನೋಡ್ರೀ" ಎಂದಳು. ಅದುವರೆಗೆ ಅವಳಿಗಿಲ್ಲದ ರಟ್ಟೆನೋವು ಮರುದಿನ ಬೆಳಿಗ್ಗೆ ಒಮ್ಮೆಲೇ ಶುರುವಾಯಿತು.

ಈಗ ನಮ್ಮ ಅಡುಗೆಮನೆಯ ಕಿಟಕಿ ಮುಚ್ಚಿರುತ್ತದೆ. ನನ್ನ ರೊಟ್ಟಿಗೆ ಅಂಚಿಲ್ಲ, ನಡುವಿಲ್ಲ, ತೂತು ಮಾತ್ರ ಇದೆ. ಮುಮ್ತಾಜ್‌ಬೀ ಹೊರಗಿನಿಂದ, "ಶಾಂತವ್ವಾ, ಆರಾಮಿಲ್ಲೇನ್ರೀ? ಬಡಿತ ಯಾಕೋ ತಪ್ಪಾಕತ್ತೈತಿ" ಎನ್ನುತ್ತಾಳೆ. ಶಾಂತವ್ವ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತ, "ಹೂಂ ನೋಡ್ರೀ, ರಟ್ಟಿ ಬಿದ್ದಾವು" ಎಂದು ಉತ್ತರ ಕೊಡುತ್ತಾಳೆ. ನಿನ್ನೆ ಮೆಟ್ಟಿಲು ಇಳಿಯುತ್ತಿದ್ದ ಸ್ನೇಹಾಳ ಹೆಜ್ಜೆ ನಮ್ಮ ಕಿಟಕಿಯ ಬಳಿ ನಿಂತಿತು.

"ಕಾಕಾ, ಕೈ ಭಾಳ ನೋಯಾಕತ್ತಾವೇನ್ರೀ?"

ಹರಿದ ರೊಟ್ಟಿಯನ್ನು ಹೇಗೋ ಹಂಚಿಗೆ ಹಾಕಿ, ಬರಿಗಲ್ಲಿಗೆ ಢಬ್ ಎಂದು ಒಂದೇಟು ಹಾಕಿದೆ. ನಮ್ಮ ಮನೆಯಲ್ಲೂ ಬೆಕ್ಕಿಲ್ಲ.