ಕಾಕಾನ ಪ್ಲಾಸ್ಟಿಕ್ ಡೀಸೆಲ್

ನಮ್ಮ ಕಾಕಾ ಬರುತ್ತಾರೆಂದರೆ ನಾವು ಹಾಲಿನ ಪಾಕೀಟು ಬಚ್ಚಿಡುತ್ತಿದ್ದೆವು. ಅವರಿಗೆ ಹಾಲು ಬೇಡ, ಪಾಕೀಟು ಬೇಕು! ತುಂಬಿದ್ದನ್ನೇ ಪಾತೇಲಿಗೆ ಸುರಿದು, ಖಾಲಿ ಪಾಕೀಟು ಜೇಬಿಗಿಳಿಸಿ ಹೋದ ಮನುಷ್ಯ ಅವರು. ಬೆಟಗೇರಿಯಲ್ಲಿ ಸುಮ್ಮನೆ ಮೋಟರ್ ರಿಪೇರಿ ಮಾಡಿಕೊಂಡಿದ್ದವರಿಗೆ ಪ್ಲಾಸ್ಟಿಕ್ ಕಾಯಿಸಿ ಎಣ್ಣೆ ತೆಗೆಯುವ ಹುಚ್ಚು ಹಿಡಿದದ್ದು ಯಾವ ಗಳಿಗೆಯಲ್ಲೋ!

ಎಣ್ಣೆಯೇನೋ ಬಂತು. ಕರ್ರಗೆ, ಗಬ್ಬು ವಾಸನೆ. ಹೊಂಬಳದ ಗೆಳೆಯರೊಬ್ಬರ ನೀರೆತ್ತುವ ಎಂಜಿನ್ನಿಗೆ ಹಾಕಿದರು. ಅದು ಕೆಮ್ಮಿ ಕೆಮ್ಮಿ ಎಂಥ ಹೊಗೆ ಬಿಟ್ಟಿತೆಂದರೆ, ಪಕ್ಕದ ಹೊಲದವನು ಬಣವಿಗೆ ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿಬಂದ!

"ಎಂಜಿನ್ ಸತ್ತಹೋತಲ್ಲೋ ದೋಸ್ತಾ!" ಗೆಳೆಯರು ತಲೆ ಹಿಡಿದುಕೊಂಡರು.

"ಅದೇನೂ ಸತ್ತಿಲ್ಲ. ಎಣ್ಣಿ ಇನ್ನೂ ಸ್ವಚ್ಛ ಆಗಿಲ್ಲ. ಮತ್ತೊಮ್ಮೆ ಕಾಸಿ ಆವಿ ಹಿಡದ್ರ ಖರೇ ಡೀಸೆಲ್ ಆಗತೈತಿ."

ಮಲ್ಲಸಮುದ್ರದ ದಾರಿಯಲ್ಲಿ ತಗಡಿನ ಶೆಡ್ ಎದ್ದಿತು. ಒಲೆಯ ಮೇಲೆ ಮುಚ್ಚಳ ಬಿಗಿದ ಡ್ರಮ್ಮು. ಅದರಿಂದ ಹೊರಟ ಕೊಳವೆ ನೀರಿನ ತೊಟ್ಟಿಯೊಳಗೆ ಹಾದು ಸೀಸೆಗೆ. ಒಂದು ಭಾನುವಾರ ಕಾಕಾ ನನ್ನನ್ನೂ ತಮ್ಮ ಹೆಂಡತಿಯನ್ನೂ, ಅಂದರೆ ನಮ್ಮ ಚಿಗವ್ವನನ್ನೂ, ನೋಡಲು ಕರೆದರು. ತಿಳಿಹಳದಿ ಹನಿಗಳು ಬೀಳತೊಡಗಿದವು.

"ನೋಡ್ರಿ, ಜೇನತುಪ್ಪ ಇದ್ದಂಗ ಐತಿ!" ಕಾಕಾ ಕುಣಿದರು.

ಹನಿ ನಿಂತಿತು.

ಎಣ್ಣೆಯೊಳಗಿನ ಮೇಣ ಕೊಳವೆಯಲ್ಲಿ ಹೆಪ್ಪುಗಟ್ಟಿತ್ತು. ಆವಿಗೆ ದಾರಿಯಿಲ್ಲ, ಕೆಳಗೆ ಬೆಂಕಿ ಧಗಧಗ. ಡ್ರಮ್ಮು ಉಬ್ಬಿ 'ಟಣ್' ಎಂದಿತು. ಮುಚ್ಚಳದ ಅಂಚಿನಿಂದ ಸುಯ್ಯೆಂದು ಆವಿ ಚಿಮ್ಮಿತು. ಅದಕ್ಕೊಂದು ಕಿಡಿ ತಾಗಿದರೆ? ಶೆಡ್ಡೂ ಇಲ್ಲ, ನಾವೂ ಇಲ್ಲ!

"ಹೊರಗ ಓಡ್ರಿ!" ಕಾಕಾ ಚೀರಿದರು.

ಮಾತು ಮುಗಿಯುವ ಮೊದಲೇ ನಾನು ರಸ್ತೆಯಲ್ಲಿದ್ದೆ. ಹಿರಿಯರ ಮಾತನ್ನು ಇಷ್ಟು ಜಲ್ದಿ ನಾನೆಂದೂ ಪಾಲಿಸಿದವನಲ್ಲ! ತಿರುಗಿ ನೋಡಿದರೆ ಚಿಗವ್ವ ಇಲ್ಲ. ಬಾಗಿಲಿಗೆ ಓಡಿ ಇಣುಕಿದೆ. ಕಾಕಾ ಸಲಿಕೆಯಿಂದ ಒಲೆಗೆ ಮರಳು ಎರಚುತ್ತಿದ್ದಾರೆ. ಆ ಕಡೆಯಿಂದ ಚಿಗವ್ವ ಬುಟ್ಟಿಗಟ್ಟಲೆ ಸುರಿಯುತ್ತಿದ್ದಾಳೆ. ಬೆಂಕಿ ಅಡಗಿತು. ಸುಯ್ ಸದ್ದು ಮಾತ್ರ ನಿಲ್ಲಲೊಲ್ಲದು. ಮೂವರೂ ಹೊರಗೋಡಿ ಬೇವಿನ ಗಿಡದ ಹಿಂದೆ ನಿಂತೆವು. ಬಹಳ ಹೊತ್ತಿನ ಮೇಲೆ ಸದ್ದು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ನಿಂತಿತು.

"ಓಡು ಅಂದ್ರ ತಿಳಿಯಂಗಿಲ್ಲೇನು ನಿನಗ?" ಕಾಕಾ ಹೆಂಡತಿಯ ಮೇಲೆ ಗುಡುಗಿದರು.

"ನೀವು ಒಳಗ ಇದ್ರೆಲ್ರೀ," ಎಂದಳು ಚಿಗವ್ವ. "ನಾ ಎಲ್ಲಿಗೆ ಓಡ್ಲಿ?"

ಅವಳ ಅಂಗೈ ಸುಟ್ಟು ಕೆಂಪಾಗಿತ್ತು. ಕಾಕಾ ಅದನ್ನು ಹಿಡಿದು ಶೆಡ್ಡಿನ ಹೊರಗಿದ್ದ ನಳದ ಕೆಳಗೆ ಒಯ್ದರು. ನೀರು ಬಿಟ್ಟು, "ಭಾಳ ಉರಿಯಾಕತ್ತೈತೇನು?" ಎಂದರು. ಆ ದನಿ ನಾನು ಕೇಳಿದ್ದು ಅದೇ ಮೊದಲು.

"ಕಾಕಾ, ಡ್ರಮ್ಮಿಗೆ ಏನ್ ಮಾಡೂದ್ರಿ?" ಎಂದೆ.

"ಯಾವ ಡ್ರಮ್ಮು?" ಎಂದರು, ಅವಳ ಕೈ ಬಿಡದೆ.