ಮಾವನ ಪಾಲಿಶ್

ನಮ್ಮ ಸೋದರಮಾವನಿಗೆ ಇಂಗ್ಲಿಷ್ ಬರುತ್ತದೆ. ಒಂದೇ ಒಂದು ಶಬ್ದ! ಆದರೆ ಅದೊಂದರಲ್ಲೇ ಇಡೀ ಸಂಸಾರ ನಡೆಸಿದ್ದಾನೆ ಪುಣ್ಯಾತ್ಮ.

ಆ ಶಬ್ದ ಪಾಲಿಶ್. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ನುಣುಪು ಮಾಡುವ ಮಷೀನಿನ ಮುಂದೆ ಆಯುಷ್ಯ ಕಳೆದವನಿಗೆ ಬೇರೆ ಶಬ್ದವಾದರೂ ಏಕೆ ಬೇಕು? ದಾಡಿ ಮಾಡಿಸಿಕೊಂಡರೆ ಪಾಲಿಶ್. ತಾಟಿನಲ್ಲಿ ಅಗುಳೂ ಉಳಿಯದಂತೆ ಉಂಡರೆ ಪಾಲಿಶ್. ಮುಖಂಡರ ಹಿಂದೆ ಹಲ್ಲುಗಿಂಜುತ್ತ ತಿರುಗುವವನನ್ನು ಕಂಡರೆ, "ಭಾಳ ಪಾಲಿಶ್ ಮಾಡ್ಲಿಕತ್ತಾನ ನೋಡು!" ನಾನು ಗಣಿತದಲ್ಲಿ ಫೇಲಾಗಿ ಅಪ್ಪನ ಕೈಲಿ ಹೊಡೆತ ತಿಂದ ದಿನ ಬೆನ್ನಿಗೆ ಎಣ್ಣೆ ಹಚ್ಚುತ್ತ ಹೇಳಿದ್ದ: "ಇಂಥ ಪಾಲಿಶ್ ಇನ್ನೊಂದ್ ಸರ್ತಿ ಆತಂದ್ರ ನೀ ಸಾಹೇಬ ಆಗೂದು ಪಕ್ಕಾ!"

ಚಿತ್ತಾಪುರಕ್ಕೆ ಹೆಣ್ಣು ನೋಡಲು ಹೋದಾಗಂತೂ ಕೇಳಬೇಡಿ. ಹುಡುಗಿ ಚಹಾ ತಂದಳು. "ಹ್ಯಾಂಗದಾಳ್ರೀ?" ಎಂದು ಅವಳ ಅಪ್ಪ ಕೇಳಿದರು. ಮಾವ ಕಣ್ಣರಳಿಸಿ, "ಇಕಿಗ ಪಾಲಿಶ್ ಬೇಕಿಲ್ರೀ, ಖಣಿಯಿಂದನೇ ಹಿಂಗ ಬಂದಾಳ. ನಮ್ ಹುಡುಗಗೇ ಎರಡು ಕೈ ಹೊಡೀಬೇಕು!" ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಮನೆಯಲ್ಲಿ ಇವತ್ತಿನವರೆಗೆ ತನಗೆ ಸಿಕ್ಕ ಹೊಗಳಿಕೆ ಅದೊಂದೇ ಎನ್ನುತ್ತಾಳೆ ನನ್ನ ಹೆಂಡತಿ.

ಹೀಗಿರುವಾಗ ನಾನು ಸೇಡಂನಲ್ಲಿ ಮನೆ ಕಟ್ಟಿಸಿದೆ. ಅವ್ವ ತೀರಿಹೋಗಿದ್ದಳು, ಅವಳ ತವರಿನ ಕಡೆ ಉಳಿದವನು ಮಾವನೊಬ್ಬನೇ. ಗೃಹಪ್ರವೇಶದ ದಿನ ನೆಂಟರಲ್ಲಿ ಅವನೇ ಮೊದಲು ಬಂದ. ಉಳಿದ ನೆಂಟರಿನ್ನೂ ಚಿಂಚೋಳಿ ಬಸ್ಸಿನಲ್ಲಿದ್ದರು. ಆದರೆ ನನ್ನ ಆಫೀಸಿನ ಸಾಹೇಬರು ಬಂದು ಕೂತಾಗಿತ್ತು.

ಮಾವನದೊಂದು ಚಾಳಿ. ಯಾವ ಹೊಸ ಮನೆಗೆ ಹೋದರೂ ತಂಬಿಗೆ ನೀರು ನೆಲಕ್ಕೆ ಸುರಿದು, ಮಂಡಿಯೂರಿ ಅದು ಎತ್ತ ಹರಿಯುತ್ತದೆಂದು ನೋಡುತ್ತಾನೆ. ಇಲ್ಲೂ ಸುರಿದ! "ತಮ್ಮಾ, ಇದಕ್ಕ ಪಾಲಿಶ್ ಅಂತಾರೇನೋ? ನೀರು ನೋಡು, ದೇವರಮನಿಗೇ ಹೊಂಟಾವ!" ನೀರು ಹೋದದ್ದು ಸಾಹೇಬರ ಕಾಲುಚೀಲಕ್ಕೆ.

"ಯಾರ್ರೀ ಇವರು?" ಸಾಹೇಬರು ಕಾಲೆತ್ತಿದರು.

"ಫರಸಿ ಹಾಕಿದ ಮಿಸ್ತ್ರಿ, ಸರ್," ಎಂದೆ.

ಬಾಯಿತಪ್ಪಿ ಬಂತು ಎನ್ನಲಾರೆ. ತಿಳಿದೇ ಹೇಳಿದೆ. ಮಾವ ಒಮ್ಮೆ ನನ್ನನ್ನು ನೋಡಿದ. ಆಮೇಲೆ, "ಹೌದ್ರೀ ಸಾಹೇಬ್ರ," ಎಂದು ಹೆಗಲ ಮೇಲಿನ ಟವೆಲ್ಲಿನಿಂದ ನೆಲ ಒರೆಸಿದ. ಒರೆಸಿ, ಬಾಗಿಲ ಹೊರಗೆ ಕೆಲಸದವರ ಜೊತೆ ಹೋಗಿ ಕೂತ. ಒಂದು ಮಾತೂ ಆಡಲಿಲ್ಲ, ಆ ಒಂದು ಶಬ್ದವನ್ನೂ!

ಪೂಜೆ ಮುಗಿಯಿತು. ಚಿಂಚೋಳಿ ಬಸ್ಸು ಇನ್ನೂ ಬಂದಿರಲಿಲ್ಲ. ನಮ್ಮಲ್ಲಿ ಸೋದರಮಾವ ಆಯೇರಿ ಕೊಡಬೇಕು, ಅಂದರೆ ಹೊಸ ಬಟ್ಟೆ; ಅದನ್ನು ತೆಗೆದುಕೊಂಡು ನಾವು ಅವನ ಕಾಲಿಗೆ ಬೀಳಬೇಕು. "ತವರಿನ ಆಯೇರಿ ಆಗ್ಲಿ. ಮಾವ ಯಾರು? ಬರ್ರಿ," ಎಂದರು ಸ್ವಾಮಿಗಳು. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಸಾಹೇಬರ ಕಡೆ ನೋಡಿದೆ.

ಮಾವ ಬಾಗಿಲಿಂದ ಎದ್ದು ಬಂದ, ಕೈಯಲ್ಲಿ ಬಟ್ಟೆಯ ಚೀಲ.

"ಅವರ ಮಾವಗ ಆರಾಮಿಲ್ರೀ. ನನ್ನ ಕೈಯಾಗ ಕೊಟ್ಟು ಕಳಿಸ್ಯಾನ."

ನನಗೆ ಧೋತರ, ಅವಳಿಗೆ ಸೀರೆ. ಇಟ್ಟು ಹಿಂದೆ ಸರಿದು, "ನಿಮ್ ನಮಸ್ಕಾರ ಅವಗ ಮುಟ್ಟಸ್ತೀನ್ರೀ," ಎಂದ.

ನನ್ನಿಂದ ತಡೆಯಲಾಗಲಿಲ್ಲ. ಎಲ್ಲರ ಮುಂದೆ ಅವನ ಕಾಲ ಮೇಲೆ ಬಿದ್ದೆ. "ಮಾವಾ, ತಪ್ಪಾತು."

ಅವನು ಗಾಬರಿಯಿಂದ ಬಗ್ಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಏಳೋ ಹುಚ್ಚಾ, ಸಾಹೇಬ್ರು ನೋಡ್ಲಿಕತ್ತಾರ!"