ಈರಜ್ಜನ ನಾಡಿ ಮತ್ತು ನನ್ನ ಬಾಂಡು

ನಾನು ರಕ್ತಕ್ಕೆ ಹೆದರುವವನಲ್ಲ ಎಂದು ನನಗೆ ಬಲವಾದ ನಂಬಿಕೆ ಇತ್ತು. ಏಕೆಂದರೆ ಅಲ್ಲಿಯವರೆಗೆ ನಾನು ರಕ್ತವನ್ನು ಸರಿಯಾಗಿ ನೋಡಿಯೇ ಇರಲಿಲ್ಲ!

ಹರಪನಹಳ್ಳಿಯಲ್ಲಿ ಒಂದು ವರ್ಷದ ಆಸ್ಪತ್ರೆ ಸಹಾಯಕರ ತರಬೇತಿ. ಖರ್ಚೆಲ್ಲ ಸರ್ಕಾರದ್ದು. ಊಟ, ವಸತಿ, ಬಿಳಿ ಅಂಗಿ ಕೂಡ ಬಿಟ್ಟಿ. ಮಧ್ಯದಲ್ಲಿ ಬಿಟ್ಟರೆ ಮಾತ್ರ ಅಷ್ಟೂ ಖರ್ಚನ್ನು ವಾಪಸ್ ಕಟ್ಟಬೇಕು ಎಂಬ ಬಾಂಡಿಗೆ ನಾನು ಓದದೆ ಸಹಿ ಹಾಕಿದೆ. ಜಾಮೀನಿಗೆ ನನ್ನ ಮಾವನವರೂ ಓದದೆ ಸಹಿ ಹಾಕಿದರು. "ನಮ್ಮ ಅಳಿಯಂದ್ರು ಅರ್ಧಕ್ಕ ಬಿಡೋ ಪೈಕಿ ಅಲ್ರಿ" ಎಂದು ಗುಮಾಸ್ತರ ಮುಂದೆ ಮೀಸೆ ತಿರುವಿದರು. ಹಂಪಸಾಗರದ ನಮ್ಮ ಓಣಿಯವರು ನನಗೆ ಶಾಲು ಹೊದಿಸಿ ಕಳಿಸಿದರು. ನನ್ನ ಹೆಂಡತಿ ಗಂಗಮ್ಮ, ಮುಂದೆ ಬರಲಿರುವ ಸರ್ಟಿಫಿಕೇಟಿಗಾಗಿ ಪಡಸಾಲೆಯ ಗೋಡೆಗೆ ಆಗಲೇ ಮೊಳೆ ಹೊಡೆದಳು.

ಮೊದಲ ವಾರವೇ ಗಾಯಕ್ಕೆ ಪಟ್ಟಿ ಕಟ್ಟುವ ಪಾಠ. ಬೆರಳು ಕೊಯ್ದುಕೊಂಡಿದ್ದ ರೋಗಿ ನನ್ನೆದುರು ಕೂತ. ಕಣ್ಣು ಬಿಟ್ಟು ನೋಡಿದರೆ ನಾನು ಮಂಚದ ಮೇಲೆ ಮಲಗಿದ್ದೆ, ರೋಗಿಯೇ ನನಗೆ ಗಾಳಿ ಬೀಸುತ್ತಿದ್ದ! ನಾಲ್ಕು ತಿಂಗಳಲ್ಲಿ ಹೀಗೆ ಐದು ಸಲ ಆಯಿತು.

ಆದರೂ ರಜೆಗೆ ಊರಿಗೆ ಬಂದಾಗ ನನ್ನ ಗತ್ತು ಕಡಿಮೆಯಾಗಿರಲಿಲ್ಲ. ಪಕ್ಕದ ಮನೆಯ ಈರಜ್ಜ ಉಂಡು ಕಟ್ಟೆಯ ಮೇಲೆ ಮಲಗಿದ್ದ. ಕಲಿತ ವಿದ್ಯೆ ಸುಮ್ಮನಿರಬೇಕಲ್ಲ! ಸದ್ದಿಲ್ಲದೆ ಕೈ ಹಿಡಿದು ನಾಡಿ ಹುಡುಕಿದೆ. ಇಲ್ಲ! ಇನ್ನೊಂದು ಕೈ ನೋಡಿದೆ. ಅಲ್ಲೂ ಇಲ್ಲ!

"ಅಜ್ಜ ಹೋಗ್ಯಾನ್ರೋ!" ಎಂದು ಕೂಗಿಯೇಬಿಟ್ಟೆ.

ಸೊಸೆಯರು ಎದೆ ಬಡಿದುಕೊಂಡರು. ಒಬ್ಬರು ಮಾಗಳದಲ್ಲಿದ್ದ ಅಜ್ಜನ ಮಗಳಿಗೆ ಫೋನ್ ಹಚ್ಚಿದರು, ಇನ್ನೊಬ್ಬರು ಭಜನೆಯವರನ್ನು ಕರೆಯಲು ಓಡಿದರು. ಈ ಗದ್ದಲಕ್ಕೆ ಎಚ್ಚರವಾಗಿ ಅಜ್ಜ ಎದ್ದು ಕೂತು, "ಯಾರ್ ಹೋಗ್ಯಾರಲೇ, ಪಾಪ?" ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ಸಂಜೆ ಮಗಳು ಟೆಂಪೋ ತುಂಬ ಜನರನ್ನು ಕಟ್ಟಿಕೊಂಡು ಅಳುತ್ತ ಬಂದಾಗ ಅಜ್ಜನೇ ಬಾಗಿಲು ತೆಗೆದು, "ಬಾರವ್ವ, ಚಾ ಕುಡಿ" ಎಂದನಂತೆ.

ಈ ತರಬೇತಿ ಇನ್ನು ಸಾಕು ಎಂದು ತೀರ್ಮಾನಿಸಿ ಹರಪನಹಳ್ಳಿಗೆ ಹೋದೆ. ಗುಮಾಸ್ತರು ಬಹಳ ಒಳ್ಳೆಯವರು. "ಬಿಡ್ರಿ, ಯಾರ್ ಬ್ಯಾಡಂತಾರ? ಅರವತ್ತು ಸಾವಿರ ಕಟ್ಟಿ ಬಿಡ್ರಿ" ಎಂದರು.

"ಕಟ್ಟಲಿಲ್ಲಂದ್ರ?"

"ನಿಮ್ಮ ಮಾವನೋರಿಗೆ ನೋಟೀಸ್ ಹೋಗ್ತತಿ."

ಮಾವನ ಮೀಸೆ ಕಣ್ಣ ಮುಂದೆ ಬಂತು. ಆ ಮನುಷ್ಯ ನನ್ನನ್ನು ನಂಬಿ ಸಹಿ ಹಾಕಿದ್ದರು. ಸಾಲ ಕೇಳಲು ಮನೆ ಮನೆ ಸುತ್ತಿದೆ. ನಾನು ಹೋದ ಮನೆಯ ಯಜಮಾನರೆಲ್ಲ ಕೂಡ್ಲಿಗಿಗೋ ಕೊಟ್ಟೂರಿಗೋ ಹೋಗಿರುತ್ತಿದ್ದರು!

ದಾರಿ ಹುಡುಕಿದವಳು ಗಂಗಮ್ಮ. "ಏನ್ರಿ, ಸಾಲ ಅಂದ್ರ ಯಾರೂ ಕೊಡಂಗಿಲ್ಲ. ಮುಯ್ಯಿ ಅಂದ್ರ ಯಾರೂ ಇಲ್ಲ ಅನ್ನಂಗಿಲ್ಲ. ಹತ್ತು ವರ್ಷದಿಂದ ಊರ ಮಂದಿ ಮದ್ವಿಗೆಲ್ಲ ಮುಯ್ಯಿ ಹಾಕೀವಿ. ನಮ್ಮ ಮನ್ಯಾಗ ಒಂದು ಕಾರ್ಯ ಆಗಿಲ್ಲ. ಮಾಡ್ರಿ ಒಂದು ಕಾರ್ಯ!"

"ಏನಂತ ಮಾಡ್ಲೇ?"

"ತರಬೇತಿ ಬಿಡೋ ಕಾರ್ಯ!"

ನಗಬೇಡಿ. ಮಾಡಿದೆವು! ಮನೆ ಮುಂದೆ ಪೆಂಡಾಲು, ಗೋಧಿ ಹುಗ್ಗಿ, ಮುಯ್ಯಿ ಬರೆಯಲು ಒಬ್ಬ, ಮೈಕಿನಲ್ಲಿ ಹೆಸರು ಕೂಗಲು ಇನ್ನೊಬ್ಬ. ಐವತ್ತು ರೂಪಾಯಿಗೂ ಮೂರು ಸಲ ಯೋಚಿಸುವವರು ಐನೂರು ಹಾಕಿದರು, ಸಾವಿರ ಹಾಕಿದರು. ಸಾಲ ಕೇಳಿದಾಗ ಊರಲ್ಲೇ ಇರದವರೆಲ್ಲ ಸಾಲಾಗಿ ನಿಂತರು. ಊರಿಗೆ ನನ್ನ ಮೇಲೆ ಇಷ್ಟು ಪ್ರೀತಿಯೇ ಎಂದು ನನ್ನ ಕಣ್ಣು ತುಂಬಿ ಬಂತು.

ಕೊನೆಗೆ ಕೋಲೂರಿಕೊಂಡು ಈರಜ್ಜ ಬಂದ. "ಈರಜ್ಜ, ಐದು ಸಾವಿರದ ಒಂದು ರೂಪಾಯಿ!" ಎಂದು ಮೈಕು ಕಿರುಚಿತು. ನಾನು ಓಡಿ ಹೋಗಿ ಅಜ್ಜನ ಕಾಲಿಗೆ ಬಿದ್ದೆ. "ಅಜ್ಜ, ನನ್ನ ಮ್ಯಾಲ ಇಷ್ಟು ಅಭಿಮಾನ ಐತಿ ಅಂತ ಗೊತ್ತಿರಲಿಲ್ಲ!"

"ಏಳಲೇ ಕೊಟ್ರೇಶಿ. ಅಭಿಮಾನ ಅಲ್ಲ. ಮುಂದಿನ ಸಲ ನಾನು ಸತ್ರ, ಖರೇ ಡಾಕ್ಟ್ರು ಬಂದು ಹೇಳ್ಲಿ ಅಂತ ಕೊಟ್ಟೀನಿ. ಇಲ್ಲಿ ಎಲ್ರದೂ ಅದೇ ಹರಕಿ."

ಮೈಕು ಆನ್ ಇತ್ತು. ಇಡೀ ಪೆಂಡಾಲು ಚಪ್ಪಾಳೆ ತಟ್ಟಿತು!

ಇರಲಿ. ಗೆದ್ದದ್ದು ಗೆದ್ದದ್ದೇ! ಮರುದಿನ ಪೂರ್ತಿ ದುಡ್ಡು ಕಟ್ಟಿ, 'ಸದರಿಯವರು ಬಾಂಡಿನ ಸಕಲ ಹೊಣೆಯಿಂದ ಬಿಡುಗಡೆ ಹೊಂದಿರುತ್ತಾರೆ' ಎಂಬ ಪತ್ರ ಹಿಡಿದು ಎದೆಯುಬ್ಬಿಸಿ ಹೊರಬಂದೆ. ಮಾವನವರು ಮತ್ತೆ ಮೀಸೆ ತಿರುವಿ, "ಬಿಟ್ರೂ ಕಟ್ಟಿ ಬಿಟ್ಟಾನ, ನಮ್ಮ ಅಳಿಯ!" ಎಂದರು. ಗಂಗಮ್ಮ ಆ ಪತ್ರಕ್ಕೆ ಗಾಜು ಹಾಕಿಸಿ, ಅದೇ ಮೊಳೆಗೆ ತೂಗುಹಾಕಿದಳು. ಓಣಿಯವರೆಲ್ಲ ಬಂದು ನೋಡಿ ನೆಮ್ಮದಿಯಿಂದ ಹೋದರು.

ಈರಜ್ಜನೂ ಬಂದ. ಪತ್ರವನ್ನು ಎರಡು ಸಲ ಓದಿಸಿಕೊಂಡು, ಖುಷಿಯಿಂದ ನನ್ನ ಮುಂದೆ ಕೈ ಚಾಚಿದ. "ಹಿಡಿ, ಈಗ ನೋಡು ನಾಡಿ. ಇನ್ನ ಹೆದರಿಕಿ ಇಲ್ಲ."

ನಾನು ಹಿಡಿದೆ. ಒತ್ತಿದೆ. ಮೇಲೆ ನೋಡಿದೆ, ಕೆಳಗೆ ನೋಡಿದೆ.

"ಸಿಕ್ತೇನಲೇ?"

ನಾನು ಇನ್ನೊಂದು ಕೈ ಕೇಳಿದೆ. ಅಜ್ಜ ಕೈ ಕಿತ್ತುಕೊಂಡು, ಜೇಬಿನಿಂದ ಇನ್ನೂ ನೂರು ರೂಪಾಯಿ ತೆಗೆದು ಗಂಗಮ್ಮನಿಗೆ ಕೊಟ್ಟ.

"ಇದನ್ನೂ ಬರ್ಕೋಳವ್ವ. ಮೊನ್ನಿದು ಕಮ್ಮಿ ಆತು."